ತುಂಬಿದ ಬಟ್ಟಲು

ಅಂಗಳ ಗುಡಿಸುವುದು, ಹಸುವಿಗೆ ಹುಲ್ಲು ಹಾಕುವುದು, ಹಿಟ್ಟು ನಾದುವುದು, ತಂದೂರಿಗೆ ಬೆಂಕಿ ಹಾಕುವುದು, ಎಲ್ಲರಿಗೂ ಚಹಾ ಬಗ್ಗಿಸಿ ಕೊಡುವುದು ಸೊಸೆಯ ಕೆಲಸ ಎಂದು ಮಸ್ತೂರಾಳಿಗೆ ಮದುವೆಯಾದ ಮಾರನೇ ಬೆಳಗ್ಗೆಯೇ ತಿಳಿದಿತ್ತು. ಮೂರು ವರ್ಷವಾದ ಮೇಲೆ, ಸೆಪ್ಟೆಂಬರ್ ಕೊನೆಯ ವಾರದಲ್ಲಿ, ಸುಳ್ಳು ಹೇಳುವುದೂ ಆ ಕೆಲಸಗಳ ಜೊತೆಗೆ ಸೇರಿಕೊಂಡಿತು. ಅದನ್ನು ವಹಿಸಿದವಳು ಗಂಡನ ಅಕ್ಕ ಮುನವ್ವರ್. ವಹಿಸಿಕೊಟ್ಟು ತಾನು ಟ್ಯಾಕ್ಸಿ ಹತ್ತಿ ತನ್ನ ಮನೆಗೆ ಹೋದಳು.

ಆವತ್ತು ಫರ್ಗಾನಾದ ಆಸ್ಪತ್ರೆಯಲ್ಲಿ ಡಾಕ್ಟರು ಅತ್ತೆ ಸನೋಬರಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಮಗನನ್ನೂ ಮಗಳನ್ನೂ ಮಾತ್ರ ಒಳಗೆ ಕರೆದಿದ್ದರು. ಅಲ್ಲಿ ಹಾಗೇ. ಕಾಯಿಲೆ ಯಾರಿಗೆ ಬಂದಿದೆಯೋ ಅವರೊಬ್ಬರನ್ನು ಬಿಟ್ಟು ಮಿಕ್ಕವರಿಗೆಲ್ಲ ಹೇಳುತ್ತಾರೆ. ಹೊಟ್ಟೆಯಲ್ಲಿ ಗೆಡ್ಡೆಯಿದೆ, ಕೆಟ್ಟ ಜಾತಿಯದು, ಆದರೆ ಇನ್ನೂ ಒಂದೇ ಜಾಗದಲ್ಲಿದೆ, ಅಕ್ಟೋಬರ್ ಮುಗಿಯುವುದರೊಳಗೆ ಕರೆತಂದರೆ ಕೊಯ್ದು ತೆಗೆಯಬಹುದು, ತಡಮಾಡಿದರೆ ಆಮೇಲೆ ನನ್ನನ್ನು ಕೇಳಬೇಡಿ ಎಂದಿದ್ದರು. ಮಸ್ತೂರಾಳ ಗಂಡ ಶುಹ್ರತ್ ತನ್ನ ಮಿನಿಬಸ್ಸನ್ನು ತಮ್ಮ ಊರು ಮರ್ಗಿಲಾನಿನವರೆಗೂ ಒಂದೂ ಮಾತಾಡದೆ ಓಡಿಸಿಕೊಂಡು ಬಂದ. ತಾಯಿ ಮಾತ್ರ ಹಿಂದಿನ ಸೀಟಿನಲ್ಲಿ ಕೂತು, ಡಾಕ್ಟರ ಬಿಳಿ ಕೋಟಿನಲ್ಲಿ ಒಂದು ಗುಂಡಿಯೂ ನೆಟ್ಟಗಿರಲಿಲ್ಲ, ಅವನ ಹೆಂಡತಿ ಎಂಥವಳಿರಬೇಕು ಎಂದು ದಾರಿಯುದ್ದಕ್ಕೂ ಬಯ್ಯುತ್ತಿದ್ದಳು.

ಮನೆಗೆ ಬಂದೊಡನೆ ಮುನವ್ವರ್ ತಮ್ಮನನ್ನೂ ಮಸ್ತೂರಾಳನ್ನೂ ಕೊಟ್ಟಿಗೆಗೆ ಕರೆದೊಯ್ದು ಬಾಗಿಲು ಎಳೆದು, ಡಾಕ್ಟರು ಹೇಳಿದ್ದನ್ನು ಮಸ್ತೂರಾಳಿಗೂ ಹೇಳಿದಳು. ಅವಳು ಶಾಲೆಯಲ್ಲಿ ಲೆಕ್ಕದ ಟೀಚರು, ಹಸುವಿನ ಮುಂದೆ ನಿಂತರೂ ಪಾಠ ಹೇಳುವ ದನಿಯೇ. ಅವಳ ಮಗಳು ಲೋಲಾಳ ನಿಶ್ಚಿತಾರ್ಥ ಅಕ್ಟೋಬರ್ ಕೊನೆಯ ಭಾನುವಾರಕ್ಕೆ ಗೊತ್ತಾಗಿತ್ತು. ಎರಡೂ ಕಡೆಯ ಹಿರಿಯರು ಎದುರುಬದುರು ಕೂತು ಒಂದು ರೊಟ್ಟಿ ಮುರಿದು ಹಂಚಿಕೊಳ್ಳುವ ಶಾಸ್ತ್ರ ಅದು. ರೊಟ್ಟಿ ಮುರಿದ ಮೇಲೆ ಮಾತು ಮುರಿಯುವಂತಿಲ್ಲ.

"ಅಮ್ಮನಿಗೆ ಹೊಟ್ಟೆಹುಣ್ಣು ಅಷ್ಟೇ" ಅಂದಳು ಮುನವ್ವರ್. "ಆ ಕೆಟ್ಟ ಕಾಯಿಲೆ ಹೆಸರು ಈ ಮನೇಲಿ ಯಾರ ಬಾಯಲ್ಲೂ ಬರಕೂಡದು. ಗೊತ್ತಾದ್ರೆ ಆವತ್ತೇ ಅಮ್ಮ ಹಾಸಿಗೆ ಹಿಡೀತಾಳೆ. ಹುಡುಗನ ಕಡೆಯೋರ ಕಿವಿಗೆ ಬಿದ್ರೆ, ಅಜ್ಜಿಗಿದೆ, ನಾಳೆ ಮೊಮ್ಮಗಳಿಗೂ ಬರುತ್ತೆ ಅಂತಾರೆ. ಲೋಲಾನ ಆಮೇಲೆ ಯಾರು ಮಾಡ್ಕೋತಾರೆ?"

ಡಾಕ್ಟರು ಬೇಗ ಅಂದಿದ್ದಾರಲ್ಲ ಓಪಾ ಎಂದು ಮಸ್ತೂರಾ ಮೆಲ್ಲಗೆ ಕೇಳಿದಳು. ಅಕ್ಕನಂಥವರನ್ನೆಲ್ಲ ಅಲ್ಲಿ ಓಪಾ ಎನ್ನುವುದು. ಶುಹ್ರತ್ ಹಸುವಿನ ಬೆನ್ನು ಸವರುತ್ತ ನಿಂತಿದ್ದ.

"ಶಾಸ್ತ್ರದ ಮಾರನೇ ದಿನವೇ ಸೇರ್ಸೋಣ. ನಿನ್ನನ್ನ ಯಾರೂ ಸಲಹೆ ಕೇಳ್ಲಿಲ್ಲ. ಹೋಗಿ ಹಿಟ್ಟು ಉಕ್ಕಿದೆಯಾ ನೋಡು."

ಹುಣ್ಣು ಎಂದ ಮೇಲೆ ಅದಕ್ಕೊಂದು ಕಾರಣ ಬೇಕಲ್ಲ. ಅದನ್ನು ಹುಡುಕಲು ಸನೋಬರ್ ಅರ್ಧ ದಿನವನ್ನೂ ತೆಗೆದುಕೊಳ್ಳಲಿಲ್ಲ. ಮೂವತ್ತು ವರ್ಷ ತಾನೇ ಬೇಯಿಸಿಕೊಂಡು ತಿಂದಾಗ ಬಾರದ ಹೊಟ್ಟೆನೋವು ಸೊಸೆ ಬಂದ ಮೂರು ವರ್ಷಕ್ಕೆ ಬಂದಿದೆ, ಇನ್ನೇನು ಹೇಳಬೇಕು ಎಂದು ಬೆಳಗ್ಗೆ ರೊಟ್ಟಿ ಕೊಳ್ಳಲು ಗೇಟಿಗೆ ಬಂದವರಿಗೆಲ್ಲ ಹೇಳಿದಳು. ಎದುರುಮನೆಯ ಇನೋಯತ್ ಓಪಾ ಮಸ್ತೂರಾಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ಈಗಿನ ಹುಡುಗಿಯರಿಗೆ ಎಣ್ಣೆ ಬಿಟ್ಟು ಬೇರೇನು ಗೊತ್ತು ಎಂದು ತಲೆಯಾಡಿಸಿದಳು. ಮುನವ್ವರ್ ಅಂತೂ ಒಳ್ಳೆಯ ಕಾರಣ ಸಿಕ್ಕಿತು ಎಂದು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ದಿನಾ ಫೋನು ಮಾಡಿ, ಇವತ್ತಾದರೂ ಅವಳು ಕೊಬ್ಬು ಕಮ್ಮಿ ಹಾಕಿದಳಾ ಎಂದು ತಾಯಿಯನ್ನು ಕೇಳುವಳು.

ಸನೋಬರ್ ಸಾಮಾನ್ಯ ಹೆಂಗಸಲ್ಲ. ಗಂಡ ಸತ್ತ ಮೇಲೆ ಹದಿನೆಂಟು ವರ್ಷ ತಂದೂರಿನ ಬಾಯಿಗೆ ತೋಳು ತೂರಿಸಿ, ದಿನಕ್ಕೆ ಅರವತ್ತು ರೊಟ್ಟಿ ಬೇಯಿಸಿ ಮಾರಿ ಇಬ್ಬರು ಮಕ್ಕಳನ್ನು ದಡ ಮುಟ್ಟಿಸಿದವಳು. ದಿನಾ ನಾದಿದ ಹಿಟ್ಟಿನಲ್ಲಿ ಒಂದು ಮುದ್ದೆಯನ್ನು ಹುಳಿಹಿಟ್ಟಾಗಿ ಮಡಕೆಯಲ್ಲಿ ಎತ್ತಿಟ್ಟು, ಮಾರನೇ ದಿನದ ಹಿಟ್ಟು ಉಕ್ಕಲು ಅದನ್ನೇ ಬೆರೆಸುವಳು. ಅವಳ ರೊಟ್ಟಿಗೆ ಮೊಹಲ್ಲಾದಲ್ಲಿ ಹೆಸರಿತ್ತು, ಅವಳ ನಾಲಗೆಗೂ ಇತ್ತು. ಅಡುಗೆಮನೆಯ ಬಾಗಿಲ ಮೇಲೊಂದು ಮೊಳೆ ಇದೆ. ಶುಹ್ರತ್ ಸೈನ್ಯಕ್ಕೆ ಹೊರಟಾಗ ಒಂದು ತುತ್ತು ಕಚ್ಚಿಟ್ಟು ಹೋದ ರೊಟ್ಟಿಯನ್ನು ಅವಳು ಒಂದು ವರ್ಷ ಆ ಮೊಳೆಗೆ ತೂಗುಹಾಕಿದ್ದಳು. ಅವನು ಬಂದು ಕಲ್ಲಿನಂತಾಗಿದ್ದ ಅದನ್ನು ನೆನೆಸಿಕೊಂಡು ತಿಂದ. ಕಚ್ಚಿಟ್ಟ ರೊಟ್ಟಿ ಕಚ್ಚಿದವರನ್ನು ಎಳೆದು ತರುತ್ತದೆ ಎಂಬುದರಲ್ಲಿ ಆ ಮನೆಯಲ್ಲಿ ಯಾರಿಗೂ ಅನುಮಾನವಿಲ್ಲ.

ಅಂಥವಳು ಈಗ ತನ್ನ ರೊಟ್ಟಿಯನ್ನೇ ಚಹಾದಲ್ಲಿ ಅದ್ದಿ ಎರಡು ತುತ್ತು ತಿಂದು ಪಕ್ಕಕ್ಕಿಡುತ್ತಿದ್ದಳು. ಗುರುವಾರ ಎಲ್ಲರೂ ಒಟ್ಟಿಗೆ ತಿನ್ನುವ ಪಲಾವಿನ ತಟ್ಟೆ ನಡುವೆ ಬಂದರೆ ಮೂಗು ತಿರುಗಿಸುವಳು.

"ಇದೇನು ಪಲಾವೋ, ಎಣ್ಣೆ ಬಾವಿಯೋ?"

"ಅರ್ಧ ಲೋಟವೂ ಹಾಕಿಲ್ಲ ಅಮ್ಮ."

"ಎದುರು ಮಾತು ಮಾತ್ರ ಬೇಕಾದಷ್ಟು ಹಾಕಿದ್ದೀಯ."

ಶುಹ್ರತ್ ತಟ್ಟೆಯಿಂದ ತಲೆಯೆತ್ತುತ್ತಿರಲಿಲ್ಲ. ತಿಂದು ಮುಗಿದೊಡನೆ ಮಿನಿಬಸ್ಸಿನ ಎಂಜಿನ್ ನೋಡಬೇಕು ಎಂದು ಎದ್ದು ಹೋಗುವನು. ಮೂರು ವರ್ಷದಲ್ಲಿ ಆ ಎಂಜಿನ್ ಅವನನ್ನು ನೂರಾರು ಜಗಳದಿಂದ ಕಾಪಾಡಿತ್ತು.

ಇನೋಯತ್ ಓಪಾ ಹೇಳಿದ ಮದ್ದಿನ ಪ್ರಕಾರ ದಿನಾ ಬೆಳಗ್ಗೆ ಕುರಿಯ ಬಾಲದ ಕೊಬ್ಬು ಕರಗಿಸಿ ಬರಿಹೊಟ್ಟೆಗೆ ಕೊಡಬೇಕಿತ್ತು. ಮಸ್ತೂರಾ ಕರಗಿಸುವಳು, ಸನೋಬರ್ ಕಣ್ಣುಮುಚ್ಚಿ ಕುಡಿಯುವಳು, ಹತ್ತು ನಿಮಿಷಕ್ಕೆ ದಾಳಿಂಬೆ ಗಿಡದ ಹಿಂದೆ ಹೋಗಿ ಅಷ್ಟನ್ನೂ ಕಕ್ಕುವಳು. ಮಸ್ತೂರಾ ನೀರು ಹಾಕಿ ತೊಳೆಯುವಳು. ಆಸ್ಪತ್ರೆಯ ಮಾತು ತೆಗೆದರೆ ಸನೋಬರ್ ನಗುತ್ತಿದ್ದಳು. ಹುಣ್ಣಿಗೆ ಯಾರಾದರೂ ಹೊಟ್ಟೆ ಕೊಯ್ಸಿಕೊಳ್ತಾರಾ, ಕಾಲಿಗೆ ಮುಳ್ಳು ಚುಚ್ಚಿದರೆ ಕಾಲು ಕಡಿಸಿಕೊಳ್ತಾರಾ ಎಂದು ಕೇಳುವಳು. ಅವಳ ಮಾತಿನಲ್ಲಿ ತಪ್ಪೂ ಇರಲಿಲ್ಲ. ಹೇಳಿದ ಸುಳ್ಳೇ ಈಗ ಆಸ್ಪತ್ರೆಯ ದಾರಿಗೆ ಅಡ್ಡ ಮಲಗಿತ್ತು. ಅದು ಮಸ್ತೂರಾಳಿಗೆ ಕಾಣುತ್ತಿತ್ತು, ಉಳಿದ ಇಬ್ಬರು ಕಂಡರೂ ಕಾಣದವರಂತಿದ್ದರು.

ಹಾಗೆಂದು ಮಸ್ತೂರಾಳನ್ನು ದೇವತೆ ಮಾಡುವ ಅಗತ್ಯವಿಲ್ಲ. ಅತ್ತೆ ಬಯ್ದ ದಿನ, ಇವಳು ಹೀಗೇ ಇದ್ದು ಸತ್ತರೆ ಸಾಯಲಿ ಎಂದು ಅವಳಿಗೆ ಒಂದು ಸಲ ಅನಿಸಿತ್ತು. ಅನಿಸಿದ್ದಕ್ಕೆ ತನಗೇ ಭಯವಾಗಿ, ಪಾತ್ರೆ ತಿಕ್ಕುವುದನ್ನು ಬಿಟ್ಟು ಕೂತಿದ್ದಳು.

ಅಕ್ಟೋಬರ್ ಮೊದಲ ವಾರ ಮುನವ್ವರ್ ಒಂದು ಹೊಸ ಚಹಾ ಬಟ್ಟಲು ತಂದಳು. ಮನೆಯ ಬಟ್ಟಲುಗಳೆಲ್ಲ ನೀಲಿ, ಇದು ಕೆಂಪು ಹೂವಿನದು. ಅಮ್ಮನಿಗೆ ಉಡುಗೊರೆ ಎಂದು ಎದುರಿಗೆ ಹೇಳಿ, ಒಳಗೆ ಬಂದು ಮಸ್ತೂರಾಳ ಕೈಗೆ ಕೊಟ್ಟು, ಇದನ್ನು ಬೇರೆ ತೊಳೆ, ಬೇರೆ ಇಡು, ಆಯ್ದಿನಳನ್ನು ಅಜ್ಜಿಯ ಮಡಿಲಿಗೆ ಬಿಡಬೇಡ ಎಂದಳು. ಆಯ್ದಿನ್ ಮಸ್ತೂರಾಳ ಒಂದೂವರೆ ವರ್ಷದ ಮಗಳು. ಆ ಕಾಯಿಲೆ ಅಂಟುತ್ತದೆ ಎಂದು ಡಾಕ್ಟರು ಹೇಳಿರಲಿಲ್ಲ, ಅಂಟುವುದಿಲ್ಲ ಎಂದೂ ಹೇಳಿರಲಿಲ್ಲ. ಯಾರೂ ಕೇಳಿಯೇ ಇರಲಿಲ್ಲ. ಮಗುವಿನ ಹೆಸರೆತ್ತಿದ ಮೇಲೆ ಮಸ್ತೂರಾ ಕೇಳುವ ಸ್ಥಿತಿಯಲ್ಲೂ ಇರಲಿಲ್ಲ. ಅವಳಿಗೆ ಹೆದರಿಕೆ ಹತ್ತಿಕೊಂಡಿತು.

ಚಹಾ ಕುಡಿಯುವಾಗ ಬಟ್ಟಲು ಸೊಸೆಯ ಕೈಗೆ ಮತ್ತೆ ಮತ್ತೆ ಬರುತ್ತದೆ. ಅರ್ಧ ಹಾಕಿ ಕೊಡಬೇಕು, ಖಾಲಿಯಾದರೆ ಇಸಿದುಕೊಂಡು ಮತ್ತೆ ಅರ್ಧ ಹಾಕಬೇಕು. ಆ ಕೆಂಪು ಬಟ್ಟಲನ್ನು ಹತ್ತು ಸಲ ಮುಟ್ಟಲಾರದೆ, ಒಂದು ಸಂಜೆ ಮಸ್ತೂರಾ ಅದನ್ನು ಅಂಚಿನವರೆಗೆ ತುಂಬಿಸಿ ಅತ್ತೆಯ ಮುಂದಿಟ್ಟಳು. ಇಟ್ಟಮೇಲೆಯೇ ತಾನು ಮಾಡಿದ್ದೇನು ಎಂದು ಹೊಳೆದದ್ದು. ಅಷ್ಟು ಹೊತ್ತಿಗೆ ಸನೋಬರ್ ಬಟ್ಟಲನ್ನೇ ನೋಡುತ್ತಿದ್ದಳು. ಶುಹ್ರತ್ ಕೂಡ ತಲೆಯೆತ್ತಿದ.

"ಅರ್ಧ ಹಾಕೋದು ಕೂತ್ಕೊಳ್ಳಿ, ಇನ್ನೂ ಇದೆ ಅಂತ. ತುಂಬಿಸಿ ಕೊಡೋದು ಕುಡಿದು ಎದ್ದುಹೋಗು ಅಂತ" ಅಂದಳು ಸನೋಬರ್. ದನಿ ಏರಿರಲಿಲ್ಲ. "ಇದು ನಿಮ್ಮಮ್ಮ ಹೇಳ್ಕೊಡ್ಲಿಲ್ವಾ? ನಾನು ಕಟ್ಟಿದ ಮನೆಯಿಂದ ನನ್ನನ್ನೇ ಎಬ್ಬಿಸ್ತಿದ್ದೀಯ?"

"ಕೈತಪ್ಪಿ ಜಾಸ್ತಿ ಬಿತ್ತು ಅಮ್ಮ."

"ಕೈ ತಪ್ಪಲ್ಲ ಕಣೇ. ಮನಸ್ಸಲ್ಲಿರೋದೇ ಕೈಗೆ ಬರೋದು."

ಅವಳು ಬಟ್ಟಲನ್ನೆತ್ತಿ ಜಗಲಿಯ ಕೆಳಗೆ ಚೆಲ್ಲಿದಳು. ಶುಹ್ರತ್ ಆವತ್ತು ಎಂಜಿನ್ ನೋಡಲು ಹೋಗಲಿಲ್ಲ, ಹೆಂಡತಿಯನ್ನು ಒಳಗೆ ಕರೆದು, ನಿನಗೆ ಬುದ್ಧಿ ಇದೆಯೇನೇ ಎಂದು ಬಯ್ದ. ಬುದ್ಧಿ ಇದ್ದದ್ದಕ್ಕೇ ನಿಮ್ಮಕ್ಕ ಬೇರೆ ಬಟ್ಟಲು ತಂದುಕೊಟ್ಟಿದ್ದು, ನೀವು ನಿಮ್ಮಮ್ಮನ ಬಟ್ಟಲಲ್ಲಿ ಕುಡಿದು ತೋರಿಸಿ ಎಂದು ಮಸ್ತೂರಾ ತಿರುಗಿ ಕೇಳಿದಳು. ಮಾರನೇ ದಿನದಿಂದ ಅವಳು ಅರ್ಧವೇ ಹಾಕಿದಳು. ಬಟ್ಟಲು ಮಾತ್ರ ಬೇರೆಯೇ ಉಳಿಯಿತು.

ಮಸ್ತೂರಾ ತಪ್ಪು ಮಾಡಿದ್ದು ಅದರ ಮುಂದಿನ ವಾರ. ತವರಿಗೆ ಹೋದಾಗ, ಸೊರಗಿದ್ದೀಯಲ್ಲ ಎಂದು ತಾಯಿ ತಲೆ ಸವರಿದ್ದೇ ತಡ, ಕಟ್ಟಿಕೊಂಡದ್ದೆಲ್ಲ ಒಡೆದು ಬಂತು. ಯಾರಿಗೂ ಹೇಳಬೇಡ ಅಮ್ಮ ಎಂದು ಆಣೆ ಹಾಕಿಸಿಕೊಂಡೇ ಹೇಳಿದಳು. ಅವಳ ತಾಯಿ ಆಣೆ ಹಾಕಿಸಿಕೊಂಡು ತನ್ನ ತಂಗಿಗೆ ಹೇಳಿದಳು. ಹೀಗೆ ಆಣೆಯ ಮೇಲೆ ಆಣೆ ದಾಟಿಕೊಂಡು ಸುದ್ದಿ ನಾಲ್ಕೇ ದಿನಕ್ಕೆ ಸನೋಬರಳ ಗೇಟಿಗೆ ಬಂದು ಮುಟ್ಟಿತು.

ಅದು ಗೊತ್ತಾದದ್ದು ರೊಟ್ಟಿಯಿಂದ. ಸೋಮವಾರ ಹದಿನೈದು ರೊಟ್ಟಿ ಉಳಿದವು. ಮಂಗಳವಾರ ಮೂವತ್ತು. ದಿನಾ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಬಿಸಿಬಿಸಿ ನಾಲ್ಕು ಒಯ್ಯುತ್ತಿದ್ದ ಇನೋಯತ್ ಓಪಾ ಬೀದಿಯ ಆಚೆ ಬದಿಯಿಂದಲೇ ಆರೋಗ್ಯ ವಿಚಾರಿಸಿ, ಮಗ ಬಜಾರಿನಿಂದ ತಂದುಬಿಟ್ಟ ಎಂದು ನಡೆದಳು. ಸನೋಬರ್ ಉಳಿದ ರೊಟ್ಟಿಯನ್ನು ಮುರಿದು, ಮೂಸಿ, ನಾಲಗೆಗೆ ಇಟ್ಟು ನೋಡಿದಳು. ಹದಿನೆಂಟು ವರ್ಷದಲ್ಲಿ ಅವಳ ರೊಟ್ಟಿ ಹಸುವಿನ ಬಾನಿಗೆ ಬಿದ್ದಿರಲಿಲ್ಲ. ನೀನೇ ಉಪ್ಪು ಕೆಡಿಸಿದ್ದೀಯ ಎಂದು ಮಸ್ತೂರಾಳಿಗೆ ಹೇಳಿ, ಬುಧವಾರದಿಂದ ಸುಸ್ತಾದರೂ ಬಿಡದೆ ತಾನೇ ನಾದಲು ಕೂತಳು. ಗೋಡೆ ಹಿಡಿದುಕೊಂಡು ಏಳುವಳು, ಹಿಟ್ಟಿನ ಬಾನಿಯ ಮುಂದೆ ಕೂರುವಳು, ನಡುನಡುವೆ ಹೊಟ್ಟೆ ಒತ್ತಿಕೊಂಡು ಉಸಿರು ಬಿಡುವಳು. ಅವಳೇ ನಾದಿದ್ದಾಳೆಂದು ಕಂಡಮೇಲೆ ಬರುತ್ತಿದ್ದ ಅರ್ಧ ಜನವೂ ಬರಲಿಲ್ಲ.

ಗುರುವಾರ ಮುನವ್ವರ್ ಬಂದಳು. ತಾಯಿ ಮಲಗಿದ್ದಳು. ಮಸ್ತೂರಾಳ ರಟ್ಟೆ ಹಿಡಿದು ಮತ್ತೆ ಕೊಟ್ಟಿಗೆಗೇ ಎಳೆದುಕೊಂಡು ಹೋದಳು.

"ಯಾರಿಗೆ ಹೇಳ್ದೆ?"

"ನಮ್ಮಮ್ಮನಿಗೆ ಒಬ್ಬಳಿಗೇ."

"ನಿಮ್ಮಮ್ಮನ ಬಾಯಿ ಅಂದ್ರೆ ರೇಷ್ಮೆ ಕಾರ್ಖಾನೆ ಗೇಟು. ಬೆಳಗ್ಗೆ ಒಳಗೆ ಹೋಗಿದ್ದೆಲ್ಲ ಸಂಜೆ ಸೈರನ್ ಹೊಡ್ಕೊಂಡು ಹೊರಗೆ ಬರುತ್ತೆ." ಹುಡುಗನ ಸೋದರತ್ತೆಯೊಬ್ಬಳು ಫೋನು ಮಾಡಿ, ನಿಮ್ಮ ತಾಯಿಗೆ ಈಗ ಹೇಗಿದೆ ಎಂದು ಬೇಕೆಂದೇ ಎರಡು ಸಲ ಕೇಳಿದ್ದಳಂತೆ. "ಈ ಸಂಬಂಧ ಮುರಿದ್ರೆ ನಿನ್ನ ಗಂಟುಮೂಟೆ ಕಟ್ಟಿಸಿ ಅದೇ ಅಮ್ಮನ ಮನೆಗೆ ಕಳಿಸ್ತೀನಿ. ಮಗು ಇಲ್ಲೇ ಇರುತ್ತೆ."

ಇಂಥ ಮಾತು ಆ ಊರಿನಲ್ಲಿ ಬರೀ ಮಾತಾಗಿ ಉಳಿಯುವುದಿಲ್ಲ ಎಂದು ಮಸ್ತೂರಾಳಿಗೆ ಗೊತ್ತಿತ್ತು. ಅವಳ ಓರಗೆಯ ಒಬ್ಬಳು ಹಾಗೇ ವಾಪಸ್ಸು ಬಂದು ತವರಿನ ಮೂಲೆಯಲ್ಲಿ ಹೊಲಿಗೆ ಹಾಕಿಕೊಂಡು ಕೂತಿದ್ದಳು. ಮಸ್ತೂರಾ ಬಾಯಿ ಮುಚ್ಚಿಕೊಂಡಳು. ಭಾನುವಾರ ಶಾಸ್ತ್ರ, ಸೋಮವಾರ ಆಸ್ಪತ್ರೆ, ಇನ್ನು ನಾಲ್ಕು ದಿನ ಹೇಗೋ ದಾಟಿಬಿಡಲಿ ಎಂದುಕೊಂಡಳು.

ಶನಿವಾರ ಬೆಳಗ್ಗೆ ಸನೋಬರ್ ಯಾರನ್ನೂ ಹತ್ತಿರ ಸೇರಿಸದೆ ಮೊಮ್ಮಗಳ ಶಾಸ್ತ್ರಕ್ಕೆ ಬೆಣ್ಣೆ ಹಾಕಿದ ದೊಡ್ಡ ರೊಟ್ಟಿಗಳನ್ನು ಮಾಡಿದಳು. ಪದರ ಪದರವಾಗಿ ಲಟ್ಟಿಸಿ, ನಡುವೆ ಮುಳ್ಳಿನ ಅಚ್ಚಿನಿಂದ ಹೂವು ಚುಚ್ಚಿ, ಎಳ್ಳು ಉದುರಿಸಿ, ತೋಳಿಗೆ ದಪ್ಪ ಬಟ್ಟೆ ಸುತ್ತಿಕೊಂಡು ತಂದೂರಿನ ಗೋಡೆಗೆ ಬಡಿದಳು. ಹತ್ತಿಕಡ್ಡಿಯ ಹೊಗೆಗೆ ಕೆಮ್ಮುತ್ತ ಎರಡು ಸಲ ಕೂತುಬಿಟ್ಟಳು, ಎರಡು ಸಲವೂ ತಾನೇ ಎದ್ದಳು. ಎಂಟು ರೊಟ್ಟಿ. ಒಂದಕ್ಕಿಂತ ಒಂದು ಚೆಂದ. ಮಸ್ತೂರಾಳಿಗೆ ಎಷ್ಟೇ ಸಿಟ್ಟಿದ್ದರೂ ಆ ರೊಟ್ಟಿಗಳನ್ನು ನೋಡಿ ಮನಸ್ಸು ಒಂದು ಗಳಿಗೆ ತಣ್ಣಗಾಯಿತು.

ಮಧ್ಯಾಹ್ನ ಮುನವ್ವರ್ ಬಂದವಳು ಬಟ್ಟೆ ಸುತ್ತಿದ ರೊಟ್ಟಿಗಳನ್ನು ಕಂಡು ನಿಂತಲ್ಲೇ ನಿಂತಳು. ಆಮೇಲೆ ದ್ರಾಕ್ಷಿ ಚಪ್ಪರದ ಕೆಳಗೆ ಜಗಲಿಯ ಮೇಲೆ ಕೂತು, ಬಜಾರಿನಲ್ಲಿ ಆಗಲೇ ಹೇಳಿಯಾಗಿದೆ, ನೀವು ಯಾಕೆ ಶ್ರಮಪಟ್ಟಿರಿ ಎಂದಳು. ನಾಳೆ ಬರಬೇಕಾಗಿಯೂ ಇಲ್ಲ, ತುಂಬ ಹೊತ್ತು ಕೂತಿರಬೇಕಾಗುತ್ತದೆ ಎಂದು ಸೇರಿಸಿದಳು. ಶುಹ್ರತ್ ಗೇಟಿನ ಹತ್ತಿರ ಟೈರಿಗೆ ಗಾಳಿ ಹಾಕುವುದನ್ನು ನಿಲ್ಲಿಸಿದ.

"ನನ್ನ ಮೊಮ್ಮಗಳ ರೊಟ್ಟಿ ಮುರಿಯೋಕೆ ಬಜಾರಿನ ರೊಟ್ಟಿ?" ಅಂದಳು ಸನೋಬರ್.

"ನಿಮಗೆ ಹುಷಾರಿಲ್ವಲ್ಲಮ್ಮ."

"ಹುಣ್ಣಿರೋದು ಹೊಟ್ಟೇಲಿ. ಕೈಯಲ್ಲೇನಾಗಿದೆ? ಹುಣ್ಣು ಅಂಟುತ್ತಾ?"

ಮುನವ್ವರ್ ಆ ಮನೆಯಲ್ಲಿ ಎಲ್ಲರ ಕೈಗೂ ಸುಲಭವಾಗಿ ಸಿಗುವವಳ ಕಡೆ ತಿರುಗಿದಳು. "ಎಲ್ಲ ಇವಳಿಂದ. ಇವಳು ಸರಿಯಾಗಿ ಬೇಯಿಸಿ ಹಾಕಿದ್ರೆ ನಿಮಗೆ ಈ ಗತಿ ಬರ್ತಿತ್ತಾ? ಪಥ್ಯದ ಅಡುಗೆ ಮಾಡೋದು ಕಲೀ ಅಂತ ಎಷ್ಟು ಸಲ ಹೇಳ್ದೆ. ಇನ್ನು ಲೋಲಾ ಮದುವೆ ಮುಗಿಯೋತನಕ, ನವೆಂಬರ್ ಕೊನೆವರೆಗಾದ್ರೂ ಅಮ್ಮನ್ನ ನೆಟ್ಟಗೆ ನೋಡ್ಕೋ. ಆಮೇಲೆ ಬೇಕಿದ್ರೆ ಆಸ್ಪತ್ರೆಗೆ ತೋರ್ಸೋಣ."

ನವೆಂಬರ್ ಕೊನೆ ಎಂಬ ಮಾತು ಮಸ್ತೂರಾಳ ಕಿವಿಗೆ ಕಾದ ಎಣ್ಣೆಯಂತೆ ಬಿತ್ತು. ಅವಳು ಹಿಡಿದಿದ್ದ ಚಹಾದ ಕೆಟಲನ್ನು ಕೆಳಗಿಟ್ಟಳು.

"ನನ್ನ ಅಡುಗೆಯಿಂದ ಅಲ್ಲ" ಅಂದಳು. "ಹುಣ್ಣೂ ಅಲ್ಲ. ನಿಮಗೆ ಬಂದಿರೋದು ಕ್ಯಾನ್ಸರ್ ಅಮ್ಮ. ಒಂದು ತಿಂಗಳಿಂದ ಇವರೆಲ್ಲರಿಗೂ ಗೊತ್ತು. ಈ ತಿಂಗಳೊಳಗೆ ಕೊಯ್ದು ತೆಗೆದ್ರೆ ಬದುಕ್ತೀರಿ ಅಂತ ಡಾಕ್ಟರು ಹೇಳಿದ್ದಾರೆ. ತಿಂಗಳು ಮುಗೀತಾ ಬಂತು."

ಆ ಹೆಸರನ್ನು ಆ ಅಂಗಳದಲ್ಲಿ ಅದಕ್ಕೆ ಮುಂಚೆ ಯಾರೂ ಉಚ್ಚರಿಸಿರಲಿಲ್ಲ. ಮುನವ್ವರ್ ಎದ್ದು ಕೈಯೆತ್ತಿದಳು. ಶುಹ್ರತ್ ಓಡಿಬಂದು ಅಕ್ಕನ ಕೈ ಹಿಡಿದುಕೊಂಡ. ಅವನು ಮೂರು ವರ್ಷದಲ್ಲಿ ಹೆಂಡತಿಗಾಗಿ ಮಾಡಿದ ಮೊದಲ ಕೆಲಸ ಅದು. ಮಗು ಹೆದರಿ ಅಳತೊಡಗಿತು. ಮಸ್ತೂರಾಳಿಗೆ ಮೊದಲು ಹಗುರವಾಯಿತು, ಮರುಕ್ಷಣವೇ ನಾಚಿಕೆಯಾಯಿತು, ಏಕೆಂದರೆ ಅತ್ತೆಯ ಮುಖದಲ್ಲಿ ರಕ್ತವೇ ಇರಲಿಲ್ಲ.

ಸನೋಬರ್ ರೊಟ್ಟಿಯ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಳಲಿಲ್ಲ, ಹಾಸಿಗೆಯನ್ನೂ ಹಿಡಿಯಲಿಲ್ಲ.

"ಯಾರ್ಯಾರಿಗೆ ಗೊತ್ತು?"

"ಮೊಹಲ್ಲಾಕ್ಕೆಲ್ಲ" ಅಂದಳು ಮಸ್ತೂರಾ. "ನನ್ನಿಂದಾನೇ ಗೊತ್ತಾಯ್ತು. ನಮ್ಮಮ್ಮನಿಗೆ ಹೇಳ್ದೆ."

"ಅದಕ್ಕೇ ರೊಟ್ಟಿ ಉಳೀತಿರೋದು. ಅದಕ್ಕೇ ಆ ಕೆಂಪು ಬಟ್ಟಲು. ಅದಕ್ಕೇ ಮಗು ನನ್ನ ಮಡಿಲಿಗೆ ಬರ್ತಿಲ್ಲ." ಒಂದೊಂದನ್ನೂ ಬೆರಳು ಮಡಿಚಿ ಹೇಳಿದಳು. "ನನ್ನ ಹೊಟ್ಟೇಲಿರೋದು ಬೀದಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಒಂದು ತಿಂಗಳು ಕುರಿಕೊಬ್ಬು ಕುಡಿಸಿ ಕಕ್ಕಿಸಿದ್ರಲ್ಲ, ನೋಡ್ಕೊಂಡು ಕೂತಿದ್ರಲ್ಲ."

ನಿಮ್ಮ ಒಳ್ಳೇದಕ್ಕೇ ಅಮ್ಮ ಎಂದು ಮುನವ್ವರ್ ಅಳುತ್ತ ಹತ್ತಿರ ಬಂದಳು. ಸನೋಬರ್ ಕೈ ಅಡ್ಡ ಹಿಡಿದಳು. ನಿನ್ನ ಒಳ್ಳೇದಕ್ಕೆ ಅನ್ನು, ಅದಾದರೆ ನನಗೆ ಅರ್ಥವಾಗುತ್ತೆ, ನಾನೂ ಮಗಳನ್ನು ಮದುವೆ ಮಾಡಿದವಳೇ ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

"ನೀನೇನು ದೊಡ್ಡ ಸತ್ಯವಂತೆ ಅಂತ ನಿಂತ್ಕೋಬೇಡ. ಒಂದು ತಿಂಗಳು ನೀನೂ ಸುಳ್ಳು ಹೇಳ್ದೆ. ನನ್ನ ಜೀವ ಹೋಗ್ತಿದ್ದಾಗ ಬಾಯಿ ಬಿಡ್ಲಿಲ್ಲ, ನಿನ್ನ ಅಡುಗೆಗೆ ಹೆಸರು ಕೆಟ್ಟಾಗ ಬಿಟ್ಟೆ."

ಅದು ನಿಜವಾಗಿತ್ತು. ಮಸ್ತೂರಾ ತಲೆ ತಗ್ಗಿಸಿದಳು. ಅತ್ತೆಯ ಬೈಗುಳಗಳಲ್ಲಿ ಸರಿಯಾಗಿ ನಾಟಿದ್ದು ಅದೊಂದೇ.

ಭಾನುವಾರ ಬೆಳಗ್ಗೆ ಊರಿನ ಇನ್ನೊಂದು ತುದಿಯಲ್ಲಿ ಲೋಲಾಳ ಮನೆಗೆ ನೆಂಟರು ಬರುವ ಹೊತ್ತಿಗೆ, ಇಲ್ಲಿ ಸನೋಬರ್ ಬಟ್ಟೆಯ ಗಂಟು ಕಟ್ಟಿಕೊಂಡು ಮಿನಿಬಸ್ಸಿನ ಹತ್ತಿರ ನಿಂತಿದ್ದಳು. ಆಸ್ಪತ್ರೆ ಸೋಮವಾರ ತೆರೆಯುತ್ತದೆ ಎಂದು ಶುಹ್ರತ್ ಹೇಳಿ ನೋಡಿದ. ಹಾಗಾದರೆ ಬಾಗಿಲಲ್ಲಿ ಕೂತಿರುತ್ತೇನೆ, ನಿಮ್ಮ ಮಾತು ನಂಬಿಕೊಂಡು ಇನ್ನೊಂದು ದಿನ ಕಳೆಯಲಾರೆ ಎಂದಳು. ಕೆಂಪು ಬಟ್ಟಲನ್ನೂ ತಾನೇ ಗಂಟಿನೊಳಗೆ ತುರುಕಿದಳು. "ಅಲ್ಲಿ ಎಲ್ಲರಿಗೂ ಇದೇ ಕಾಯಿಲೆಯಂತೆ. ಬಟ್ಟಲು ನೋಡಿ ಹೆದರೋರು ಯಾರೂ ಇರಲ್ಲ."

ಮುನವ್ವರ್ ಹಬ್ಬದ ಹೊಳೆಯುವ ಉಡುಪಿನಲ್ಲೇ ಐದು ನಿಮಿಷಕ್ಕೆಂದು ಓಡಿ ಬಂದಿದ್ದಳು. ಕಣ್ಣು ಬಾತಿತ್ತು. ಸನೋಬರ್ ಶಾಸ್ತ್ರಕ್ಕೆಂದು ಮಾಡಿದ ಎಂಟು ರೊಟ್ಟಿಗಳಲ್ಲಿ ಚೆಂದದ್ದೊಂದನ್ನು ಎತ್ತಿಕೊಂಡಳು. ಅಂಚಿಗೆ ಬಾಯಿ ಹಚ್ಚಿ ಒಂದು ತುತ್ತು ಕಚ್ಚಿದಳು. ಅದನ್ನು ಅಗಿಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಎಲ್ಲರೂ ಕಾದರು. ನುಂಗುವಾಗ ಕಣ್ಣಲ್ಲಿ ನೀರು ಬಂತು, ಆದರೂ ನುಂಗಿದಳು. ಮಿಕ್ಕ ರೊಟ್ಟಿಗಾಗಿ ಮುನವ್ವರ್ ಎರಡೂ ಕೈ ಚಾಚಿದಳು. ಸನೋಬರ್ ಆ ಕೈಗಳನ್ನು ದಾಟಿ ಬಂದು ಅದನ್ನು ಮಸ್ತೂರಾಳಿಗೆ ಕೊಟ್ಟಳು.

"ಮೊಳೆಗೆ ಹಾಕು. ಇಲಿ ಮುಟ್ಟಿದ್ರೂ ನಿನ್ನನ್ನೇ ಕೇಳ್ತೀನಿ. ಬಂದು ತಿನ್ನೋಳು ನಾನೇ. ಹುಳಿಹಿಟ್ಟಿನ ಮಡಕೆ ಒಣಗಿಸಬೇಡ, ನಾಳೆ ಬೆಳಗ್ಗೆ ಗೇಟು ಮುಚ್ಚಬೇಡ." ಮಿನಿಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಮತ್ತೆ ತಿರುಗಿದಳು. "ಕಾಯಿಲೆ ಬೇರೆ ಇರಬಹುದು. ಆದ್ರೂ ನಿನ್ನ ಪಲಾವಿಗೆ ಎಣ್ಣೆ ಜಾಸ್ತೀನೇ."

ಬುಧವಾರ ಕೊಯ್ದರು. ಹೊಟ್ಟೆಯ ಮುಕ್ಕಾಲು ಪಾಲು ತೆಗೆದಿದ್ದಾರೆ, ಇನ್ನು ಮುಂದಿನದು ಈಗಲೇ ಹೇಳುವ ಹಾಗಿಲ್ಲವಂತೆ ಎಂದು ಶುಹ್ರತ್ ಫೋನಿನಲ್ಲಿ ಹೇಳಿದ. ಅಂಟುವ ವಿಷಯ ಕೇಳಿ ಎಂದು ಮಸ್ತೂರಾ ಹೇಳಿದ್ದಳು, ಅವನು ಕೊನೆಗೂ ಕೇಳಿದ್ದ. ಅಂಟುವ ಹಾಗಿದ್ದರೆ ಇಪ್ಪತ್ತು ವರ್ಷದಿಂದ ನಾನು ಹೇಗೆ ಬದುಕಿದ್ದೇನೆ ಎಂದು ಡಾಕ್ಟರು ನಕ್ಕರಂತೆ. ಎಚ್ಚರವಾದ ಮೇಲೆ ಅಮ್ಮ ಮೊದಲು ಕೇಳಿದ್ದು ಗೇಟು ತೆಗೆದಿದ್ದಾಳಾ ಎಂದು. ಮಸ್ತೂರಾ ಫೋನಿಟ್ಟು, ಅತ್ತೆಯ ಮಡಿಲಿನಿಂದ ಮಗುವನ್ನು ಕಸಿದುಕೊಂಡ ದಿನಗಳನ್ನು ನೆನೆದು ಅಡುಗೆಮನೆಯ ಹೊಸಿಲ ಮೇಲೆ ಕೂತು ಅತ್ತಳು. ತಲೆಯ ಮೇಲೆ ಕಚ್ಚಿದ ರೊಟ್ಟಿ ತೂಗುತ್ತಿತ್ತು.

ಗೇಟು ಅವಳು ದಿನಾ ತೆಗೆಯುತ್ತಿದ್ದಳು. ಇಪ್ಪತ್ತೇ ರೊಟ್ಟಿ ಬೇಯಿಸುವಳು, ಅದರಲ್ಲೂ ಅರ್ಧ ಉಳಿಯುವುದು. ಮುಂದಿನ ಸೋಮವಾರ ಇನೋಯತ್ ಓಪಾ ಬೀದಿ ದಾಟಿ ಈಚೆಗೆ ಬಂದಳು. ಜಗಲಿಯ ಮೇಲೆ ಕೂತು ಮಂಡಿ ನೀವಿಕೊಂಡಳು. ಅವಳಿಗೆ ಬೇಕಿದ್ದದ್ದು ರೊಟ್ಟಿಯಲ್ಲ, ಸುದ್ದಿ. ಕೊಯ್ದಾಗ ಒಳಗೆಲ್ಲ ಹರಡಿತ್ತಂತಲ್ಲ ನಿಜವಾ, ಡಾಕ್ಟರು ಎಷ್ಟು ತಿಂಗಳು ಅಂದಿದ್ದಾರೆ, ಲೋಲಾಳ ಅತ್ತೆಮನೆಯವರು ರೊಟ್ಟಿ ಮುರಿದ ಮೇಲೂ ಮುಖ ಸಿಂಡರಿಸಿದರಂತಲ್ಲ ಎಂದು ಒಂದಾದ ಮೇಲೊಂದು ಕೇಳಿದಳು. ಮಸ್ತೂರಾ ಉತ್ತರಿಸದೆ ಚಹಾ ತರಲು ಹೋದಳು. ಬಂದಾಗ ಇನೋಯತ್ ಓಪಾ ಒಂದು ರೊಟ್ಟಿಯನ್ನು ಎರಡೇ ಬೆರಳಲ್ಲಿ ಎತ್ತಿ ಅದರ ಬೆನ್ನು ನೋಡುತ್ತಿದ್ದಳು.

"ಇದು ನೀನೇ ನಾದಿದ್ದಾ? ಅವಳು ಮುಟ್ಟಿಲ್ಲ ತಾನೇ? ಹಾಗಿದ್ರೆ ಎರಡು ಕೊಡು."

ಹೌದು ಎಂದರೆ ಮುಗಿಯುತ್ತಿತ್ತು. ನಾದಿದವಳು ಅವಳೇ, ಅದು ಪೂರಾ ಸುಳ್ಳೂ ಆಗುತ್ತಿರಲಿಲ್ಲ. ನಾಳೆಯಿಂದ ಇಡೀ ಬೀದಿ ಮತ್ತೆ ಸಾಲುಗಟ್ಟುತ್ತಿತ್ತು.

"ಕೈ ನನ್ನದು, ಹುಳಿಹಿಟ್ಟು ಅತ್ತೇದು" ಅಂದಳು ಮಸ್ತೂರಾ. "ದಿನಾ ಅದನ್ನೇ ಹಾಕಿ ನಾದ್ತೀನಿ. ಅವರು ವಾಪಸ್ ಬಂದ್ಮೇಲೆ ಅವರೇ ನಾದ್ತಾರೆ. ಆಗಲೂ ಇದೇ ಗೇಟಲ್ಲೇ ಮಾರ್ತೀವಿ."

ಹೇಳಿ, ನೀಲಿ ಬಟ್ಟಲನ್ನು ಇನೋಯತ್ ಓಪಾಳ ಮುಂದಿಟ್ಟು ಚಹಾ ಬಗ್ಗಿಸಿದಳು. ಅರ್ಧಕ್ಕೆ ಕೈ ನಿಲ್ಲಲಿಲ್ಲ. ಅಂಚಿನವರೆಗೆ ತುಂಬಿ ಒಂದು ಹನಿ ಹೊರಗೆ ಜಾರಿತು.

ಇನೋಯತ್ ಓಪಾ ಬಟ್ಟಲನ್ನು ನೋಡಿದಳು, ಮಸ್ತೂರಾಳ ಮುಖ ನೋಡಿದಳು, ರೊಟ್ಟಿಯನ್ನು ಕೆಳಗಿಟ್ಟು ಮಂಡಿಯ ಮೇಲೆ ಕೈಯೂರಿ ಎದ್ದಳು. "ಸನೋಬರ್ ಬರಲಿ, ನೀನು ಏನು ಮಾಡ್ದೆ ಅಂತ ಹೇಳ್ತೀನಿ" ಎಂದಳು.

"ಹೇಳಿ ಓಪಾ" ಅಂದಳು ಮಸ್ತೂರಾ. "ಅವರೇ ಕಲಿಸಿದ್ದು."